ಸಾಕ್ಷ್ಯ ಮತ್ತು ಸಾಕ್ಷ್ಯಚಿತ್ರ: ಕಾಸರಗೋಡಿನ ವಕೀಲೆಯೊಬ್ಬರ ವೃತ್ತಿ ಬದಲಾವಣೆಯ ಪ್ರಕರಣ

ಕಾಸರಗೋಡಿನ ವಿದ್ಯಾನಗರದಲ್ಲಿರುವ ನ್ಯಾಯಾಲಯಗಳಲ್ಲಿ ಹದಿನಾರು ವರ್ಷ ವಕೀಲಿ ನಡೆಸಿದ ಒಬ್ಬ ಮಹಿಳೆ, ನಲವತ್ತೆರಡನೆಯ ವಯಸ್ಸಿನಲ್ಲಿ, ತಮ್ಮ ಸನ್ನದಿನ, ಅಂದರೆ ವಕೀಲಿ ನೋಂದಣಿ ಪತ್ರದ, ಮೂಲ ಪ್ರತಿಯನ್ನು ನೋಂದಾಯಿತ ಅಂಚೆಯಲ್ಲಿ ಕೇರಳ ಬಾರ್ ಕೌನ್ಸಿಲಿಗೆ ಕಳುಹಿಸಿ ವೃತ್ತಿಯನ್ನು ಸ್ವಇಚ್ಛೆಯಿಂದ ನಿಲ್ಲಿಸಿದರು. ಮುಂದಿನ ಮೂರು ವರ್ಷಗಳಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದ ಬಾಧಿತವಾದ ಒಂದು ಮನೆಯ ಕುರಿತು ಸಾಕ್ಷ್ಯಚಿತ್ರ ಮಾಡಿದರು. ಆ ಬದಲಾವಣೆ ಹೇಗೆ ನಡೆಯಿತು, ಕಾನೂನು ಎಲ್ಲೆಲ್ಲಿ ಅಡ್ಡ ಬಂತು, ವಕೀಲಿಯಿಂದ ಅವರು ಏನನ್ನು ತಂದರು, ಏನನ್ನು ಬಿಟ್ಟುಕೊಡಬೇಕಾಯಿತು ಎಂಬುದನ್ನು ಇಲ್ಲಿ ಆದಷ್ಟು ಪೂರ್ಣವಾಗಿ ಬರೆದಿಡುತ್ತಿದ್ದೇನೆ. ಅವರ ಹೆಸರನ್ನಾಗಲಿ, ಚಿತ್ರದ ಹೆಸರನ್ನಾಗಲಿ, ಆ ಮನೆ ಯಾವ ಪಂಚಾಯತಿನಲ್ಲಿದೆ ಎಂಬುದನ್ನಾಗಲಿ ಹೇಳುವುದಿಲ್ಲ. ಹೇಳದಿರುವುದಕ್ಕೆ ಕಾರಣ ಈ ಪ್ರಕರಣದ ಒಳಗೇ ಇದೆ. ಓದುವ ಅನುಕೂಲಕ್ಕಾಗಿ ಅವರನ್ನು ‘ವಕೀಲರು’ ಎಂದೇ ಕರೆಯುತ್ತೇನೆ.

ನನಗೂ ಈ ಪ್ರಕರಣಕ್ಕೂ ಇರುವ ಸಂಬಂಧವನ್ನು ಮೊದಲೇ ತಿಳಿಸಬೇಕು. ಕನ್ನಡದ ಹಳೆಯ ಪತ್ರಗಳನ್ನು, ವಿಲ್ಲುಗಳನ್ನು, ವಿಭಾಗ ಪತ್ರಗಳನ್ನು ನ್ಯಾಯಾಲಯಕ್ಕಾಗಿ ಇಂಗ್ಲಿಷಿಗೂ ಮಲಯಾಳಕ್ಕೂ ಅನುವಾದಿಸಿ ಕೊಡುವುದು ನನ್ನ ಕೆಲಸ. ವಕೀಲರ ಕಚೇರಿಗೆ ನಾನು ಹೋಗತೊಡಗಿದ್ದು ಆ ಕೆಲಸಕ್ಕಾಗಿಯೇ. ಅನಂತರ ಅವರ ಚಿತ್ರದಲ್ಲಿ ಜನರು ಆಡಿದ ಮಾತುಗಳನ್ನು ಒಂದೂ ಬಿಡದೆ ಅಕ್ಷರಕ್ಕಿಳಿಸಿದ್ದು, ಉಪಶೀರ್ಷಿಕೆಗಳನ್ನು ಬರೆದದ್ದು ನಾನು. ಆದ್ದರಿಂದ ಇಲ್ಲಿ ಬರುವ ಬಹಳಷ್ಟು ಸಂಗತಿಗಳು ನಾನು ಎದುರಿದ್ದು ಕಂಡವು.

ವಕೀಲರು ನಡೆಸುತ್ತಿದ್ದ ದಾವೆಗಳು ಈ ಊರಿನ ಯಾವ ವಕೀಲರಲ್ಲಿಯೂ ಇರುವಂಥವೇ: ಗಡಿ ತಕರಾರು, ದಾರಿಯ ಹಕ್ಕು, ಪಾಲು, ಜೀವನಾಂಶ, ಮೋಟಾರು ಅಪಘಾತದ ಪರಿಹಾರ. ಇಲ್ಲಿನ ವಕೀಲರಿಗೆ ತಮ್ಮ ನೆಲದ ಬಗ್ಗೆ ಒಂದು ಹೆಮ್ಮೆಯಿದೆ. ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರು ಭೂಸುಧಾರಣೆಯ ವಿಷಯದಲ್ಲಿ ಹೂಡಿದ ಅರ್ಜಿಯಿಂದಲೇ, 1973ರ ಏಪ್ರಿಲ್ 24ರಂದು ಸುಪ್ರೀಂ ಕೋರ್ಟಿನ 13 ನ್ಯಾಯಮೂರ್ತಿಗಳ ಪೀಠ, ಸಂವಿಧಾನದ ಮೂಲ ಸ್ವರೂಪವನ್ನು ತಿದ್ದುಪಡಿಯಿಂದಲೂ ಬದಲಿಸಲಾಗದು ಎಂಬ ಸಿದ್ಧಾಂತವನ್ನು ಹೇಳಿತು. ಆದರೆ ದಿನನಿತ್ಯದ ಕಲಾಪದಲ್ಲಿ ಇಲ್ಲಿನ ಕನ್ನಡಿಗ ಕಕ್ಷಿದಾರನ ಅನುಭವ ಬೇರೆಯೇ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಆತ ಒಂದು ಭಾಷೆಯಲ್ಲಿ ಬದುಕುತ್ತಾನೆ, ಇನ್ನೊಂದರಲ್ಲಿ ಅರ್ಜಿ ತುಂಬಿಸುತ್ತಾನೆ, ಮೂರನೆಯದರಲ್ಲಿ ತೀರ್ಪು ಪಡೆಯುತ್ತಾನೆ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಪತ್ರ ವ್ಯವಹಾರ ನಡೆಸಲು ಅವಕಾಶ ಕೊಟ್ಟಿದೆ. 1973ರ ದಂಡ ಪ್ರಕ್ರಿಯಾ ಸಂಹಿತೆಯ 277ನೆಯ ಕಲಮು, ಸಾಕ್ಷಿ ನ್ಯಾಯಾಲಯದ ಭಾಷೆಯಲ್ಲದೆ ಬೇರೆ ಭಾಷೆಯಲ್ಲಿ ನುಡಿದರೆ, ಸಾಧ್ಯವಿದ್ದಲ್ಲಿ ಅದೇ ಭಾಷೆಯಲ್ಲಿ ಬರೆದುಕೊಳ್ಳಬಹುದು, ಇಲ್ಲವಾದರೆ ನಿಜವಾದ ಅನುವಾದ ಸಿದ್ಧಪಡಿಸಬೇಕು ಎಂದಿತ್ತು. ‘ಸಾಧ್ಯವಿದ್ದಲ್ಲಿ’ ಎಂಬ ಒಂದು ಪದದ ಮೇಲೆ ಎಷ್ಟು ಮಂದಿಯ ಮಾತು ನಿಂತಿದೆ ಎಂಬುದನ್ನು, ಅನುವಾದಕನಾಗಿ, ನಾನು ದಿನವೂ ನೋಡುತ್ತೇನೆ. ತುಳುವಿನಲ್ಲಿ ಅಥವಾ ಹವ್ಯಕ ಕನ್ನಡದಲ್ಲಿ ಎರಡು ನಿಮಿಷ ಆಡಿದ ಮಾತು ಹಾಳೆಯ ಮೇಲೆ ಒಂದೂವರೆ ಸಾಲಾಗಿ ಇಳಿಯುತ್ತದೆ.

ಎಂಡೋಸಲ್ಫಾನ್‌ನ ಹಿನ್ನೆಲೆಯನ್ನು ಇಲ್ಲಿಯ ಓದುಗರಿಗೆ ವಿವರಿಸಬೇಕಾಗಿಲ್ಲವಾದರೂ, ಪ್ರಕರಣ ಪೂರ್ಣವಾಗಲು ಅದರ ಹಂತಗಳನ್ನು ಹೇಳಲೇಬೇಕು. ಜಿಲ್ಲೆಯಲ್ಲಿ ಸರಕಾರಿ ಸ್ವಾಮ್ಯದ ತೋಟ ನಿಗಮಕ್ಕೆ ಸೇರಿದ ನಾಲ್ಕು ಸಾವಿರಕ್ಕೂ ಹೆಚ್ಚು ಹೆಕ್ಟೇರ್ ಗೇರುತೋಟಗಳ ಮೇಲೆ, ಟೀ ಸೊಳ್ಳೆ ಎಂಬ ಕೀಟವನ್ನು ತಡೆಯುವುದಕ್ಕೆಂದು, 1970ರ ದಶಕದ ಕೊನೆಯಿಂದ 2000ನೇ ಇಸವಿಯವರೆಗೆ ಹೆಲಿಕಾಪ್ಟರಿನಿಂದ ಈ ಕೀಟನಾಶಕವನ್ನು ಸಿಂಪಡಿಸಲಾಯಿತು. ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ, ಮುಳಿಯಾರು ಮೊದಲಾದ ಪಂಚಾಯತಿಗಳ ಗುಡ್ಡದ ತುದಿಯಲ್ಲಿ ತೋಟ, ಬುಡದಲ್ಲಿ ಮನೆ, ಮಧ್ಯೆ ಕುಡಿಯುವ ನೀರಿನ ಸುರಂಗ ಮತ್ತು ತೋಡು. ಮೇಲೆ ಬಿದ್ದದ್ದು ಕೆಳಗಿಳಿಯದೆ ಇರುವಂಥ ನೆಲವಲ್ಲ ಇದು. ವಾಣಿನಗರದ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುತ್ತಿದ್ದ ರೋಗಿಗಳಲ್ಲಿ ಅಸಹಜವಾದ ಕಾಯಿಲೆಗಳು ಹೆಚ್ಚುತ್ತಿರುವುದನ್ನು ಗುರುತಿಸಿದರು. ಪತ್ರಕರ್ತ ಶ್ರೀ ಪಡ್ರೆ ಅದನ್ನು ಹೊರಗಿನ ಜಗತ್ತಿಗೆ ಬರೆದು ತಿಳಿಸಿದರು. ಕೃಷಿ ಇಲಾಖೆಯಲ್ಲಿ ಉದ್ಯೋಗಿಯಾಗಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯಕ್ಕೆ ಹೋದರು. 2011ರ ಮೇ 13ರಂದು ಸುಪ್ರೀಂ ಕೋರ್ಟು ಮಧ್ಯಂತರ ಆದೇಶದಿಂದ ದೇಶದಾದ್ಯಂತ ಅದರ ಉತ್ಪಾದನೆ ಮತ್ತು ಮಾರಾಟವನ್ನು ತಡೆಯಿತು. 2017ರ ಜನವರಿ 10ರಂದು ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರವನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಆದೇಶಿಸಿತು.

ಈ ಆದೇಶದ ನಂತರದ ತಿಂಗಳುಗಳಲ್ಲಿ ವಕೀಲರ ಕಚೇರಿಗೆ ಆ ಬಾಧಿತ ಮನೆಯ ತಾಯಿ ಬಂದದ್ದು.

ಮಗಳಿಗೆ ಆಗ 23 ವರ್ಷ. ಮಾತಿಲ್ಲ, ತಾನಾಗಿ ನಡೆಯಲಾರಳು. ಅರ್ಜಿಯ ಜೊತೆ ಸಲ್ಲಿಸುವ ಪ್ರಮಾಣಪತ್ರವೊಂದನ್ನು (ಅಫಿಡವಿಟ್) ವಕೀಲರು ಇಂಗ್ಲಿಷಿನಲ್ಲಿ ಸಿದ್ಧಪಡಿಸಿದ್ದರು. ಅಂಥ ಪತ್ರವನ್ನು ಸಹಿ ಮಾಡುವವರಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಬೇಕು. ಹಲವೆಡೆ ಆ ಕೆಲಸ ಹೆಸರಿಗೆ ಮಾತ್ರ ನಡೆಯುತ್ತದೆ, ಆದರೆ ನಮ್ಮ ವಕೀಲರು ಪ್ರತಿ ಸಾಲನ್ನೂ ಓದಿಸುತ್ತಿದ್ದರು. ಅಂದು ಓದಿದ್ದು ನಾನು. ವಯಸ್ಸು, ವಿಳಾಸ, ಅಂಗವೈಕಲ್ಯದ ಶೇಕಡಾವಾರು, ಚಿಕಿತ್ಸೆಯ ವಿವರ ಎಲ್ಲ ಮುಗಿದ ಮೇಲೆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು ವಕೀಲರನ್ನು ಕೇಳಿದರು: “ಅಕ್ಕ, ಅವಳಿಗೆ ಮಳೆ ಬರುವುದು ನಮಗಿಂತ ಮೊದಲು ಗೊತ್ತಾಗ್ತದೆ. ಒಂದು ಥರ ಸ್ವರ ತೆಗಿತಾಳೆ, ನಾನು ಹೋಗಿ ಅಡಕೆ ಒಟ್ಟು ಮಾಡ್ತೇನೆ. ಅದನ್ನು ಬರೀಲಿಕ್ಕೆ ಜಾಗ ಉಂಟಾ ಇದರಲ್ಲಿ?”

ಜಾಗ ಇರಲಿಲ್ಲ. ಸಾಕ್ಷ್ಯ ಕಾಯ್ದೆ ಪ್ರಸ್ತುತವಾದದ್ದನ್ನು ಮಾತ್ರ ಒಳಗೆ ಬಿಡುತ್ತದೆ, ಮತ್ತು ಅದು ತಪ್ಪಲ್ಲ. ಎಲ್ಲವನ್ನೂ ಒಳಗೆ ಬಿಡುವ ನ್ಯಾಯಾಲಯದಲ್ಲಿ ಯಾವ ದಾವೆಯೂ ಮುಗಿಯದು. ಮಗಳು ಮಳೆಯನ್ನು ಅರಿಯುತ್ತಾಳೆ ಎಂದು ಬರೆದರೆ ಅರ್ಜಿಗೆ ಬಲ ಬರುವುದಿಲ್ಲ, ಬದಲಿಗೆ ಅಂಗವೈಕಲ್ಯದ ಪ್ರಮಾಣದ ಬಗ್ಗೆ ಒಂದು ಪ್ರಶ್ನೆ ಏಳಬಹುದು. ವಕೀಲರು ಇದನ್ನು ತಾಯಿಗೆ ವಿವರಿಸಿದರು, ತಾಯಿ ಒಪ್ಪಿ ಸಹಿ ಹಾಕಿದರು. ಆದರೆ ಆ ಸಂಜೆ ಬಸ್ಸಿಗೆ ಹೊರಟವರು ಕಚೇರಿಯ ಮೆಟ್ಟಿಲಲ್ಲೇ ನಿಂತು, ತಾವು ಇಷ್ಟು ವರ್ಷ ಬರೆದ ಪ್ರಮಾಣಪತ್ರಗಳಲ್ಲಿ ಇಂಥ ಸಾಲುಗಳನ್ನು ಎಷ್ಟು ಬಿಟ್ಟಿರಬಹುದು ಎಂದು ನನ್ನನ್ನು ಕೇಳಿದರು. ವೃತ್ತಿ ಬದಲಾವಣೆಯ ಮೊದಲ ಹೆಜ್ಜೆ ಅದೇ ಎಂದು ನಾನು ತಿಳಿದಿದ್ದೇನೆ. ಕಾನೂನಿನ ಮೇಲಿನ ನಂಬಿಕೆ ಹೋಗಿ ಅವರು ಸಿನಿಮಾಕ್ಕೆ ಬಂದರು ಎಂದು ಕೆಲವರು ಹೇಳುತ್ತಾರೆ; ಅದು ಸರಿಯಲ್ಲ. ಕಾನೂನು ಎಲ್ಲಿ ಮುಗಿಯುತ್ತದೆ ಎಂಬುದು ಅವರಿಗೆ ಸ್ಪಷ್ಟವಾಯಿತು, ಆ ಗೆರೆಯ ಆಚೆ ಉಳಿದದ್ದಕ್ಕೂ ಒಂದು ದಾಖಲೆ ಬೇಕೆನಿಸಿತು. ಅದಕ್ಕೆ ನಮ್ಮ ಭಾಷೆ ಸಾಕ್ಷ್ಯಚಿತ್ರ ಎಂಬ ಹೆಸರನ್ನು ಇಟ್ಟಿರುವುದು ನನಗೆ ಅರ್ಥಪೂರ್ಣವಾಗಿ ಕಾಣುತ್ತದೆ. ನ್ಯಾಯಾಲಯದ ಪದವೇ ಇಲ್ಲಿಗೂ ಬಂದಿದೆ, ಅದರ ಹೊಣೆಯೂ ಜೊತೆಗೆ ಬಂದಿದೆ.

ಸನ್ನದಿನ ಪ್ರಶ್ನೆ

ಮೊದಲ ಎರಡು ವರ್ಷ ಅವರು ಎರಡನ್ನೂ ಜೊತೆಗೆ ನಡೆಸಲು ನೋಡಿದರು. ಭಾರತೀಯ ಬಾರ್ ಕೌನ್ಸಿಲಿನ ನಿಯಮಗಳಲ್ಲಿ ಅನ್ಯ ಉದ್ಯೋಗದ ನಿರ್ಬಂಧಗಳು 47ರಿಂದ 52ರವರೆಗಿನ ನಿಯಮಗಳಲ್ಲಿವೆ. 51ನೆಯ ನಿಯಮ, ಜಾಹೀರಾತಿನ ನಿಷೇಧಕ್ಕೂ ಪೂರ್ಣಾವಧಿ ಉದ್ಯೋಗದ ನಿಷೇಧಕ್ಕೂ ಒಳಪಟ್ಟು, ಪ್ರಸಾರ, ಪತ್ರಿಕೋದ್ಯಮ, ಉಪನ್ಯಾಸ ಮತ್ತು ಬೋಧನೆಗೆ ಅವಕಾಶ ಕೊಡುತ್ತದೆ. ಕಥೆಯ ಎಳೆ ಹುಡುಕುವುದು, ಜನರನ್ನು ಭೇಟಿಯಾಗುವುದು, ಸಣ್ಣ ಚಿತ್ರೀಕರಣ ನಡೆಸುವುದು ಈ ನಿಯಮದ ನೆರಳಿನಲ್ಲಿ ನಡೆದೀತು ಎಂದು ಅವರು ಎಣಿಸಿದ್ದರು. ಆದರೆ ತಾವೇ ನಿರ್ಮಾಪಕರಾಗಿ, ಹಣ ಸಂಗ್ರಹಿಸಿ, ಚಿತ್ರದ ಹಕ್ಕನ್ನು ಮಾರುವ ಹಂತ ಬಂದಾಗ ಅದು 47ನೆಯ ನಿಯಮ ತಡೆಯುವ ಸ್ವಂತ ವ್ಯಾಪಾರವಾಗುತ್ತದೆ. ‘ಯಾರು ಕೇಳುತ್ತಾರೆ, ಹಾಗೇ ಮಾಡಿ’ ಎಂದು ಹಿತೈಷಿಗಳು ಹೇಳಿದರು. ಅವರು ಒಪ್ಪಲಿಲ್ಲ. 2019ರಲ್ಲಿ, ನಿಯಮದಲ್ಲಿ ಹೇಳಿರುವಂತೆ ಮೂಲ ಸನ್ನದನ್ನು ಪತ್ರದೊಂದಿಗೆ ಕಳುಹಿಸಿದರು. ಮರಳಿ ವೃತ್ತಿಗೆ ಬರಬೇಕೆಂದರೆ ಪ್ರಮಾಣಪತ್ರದೊಡನೆ ಅರ್ಜಿ ಕೊಟ್ಟು ಅದನ್ನು ಹಿಂಪಡೆಯಬಹುದು. ಬಾಗಿಲು ಮುಚ್ಚಿದ್ದರೂ ಚಿಲಕ ಹಾಕಿಲ್ಲ.

ಇದಕ್ಕಿಂತ ಕಠಿಣವಾದದ್ದು ಗೋಪ್ಯತೆಯ ಪ್ರಶ್ನೆ. 1872ರ ಭಾರತೀಯ ಸಾಕ್ಷ್ಯ ಕಾಯ್ದೆಯ 126ನೆಯ ಕಲಮು, ಕಕ್ಷಿದಾರ ವೃತ್ತಿಯ ಸಂಬಂಧದಲ್ಲಿ ಹೇಳಿದ್ದನ್ನು ಆತನ ಸ್ಪಷ್ಟ ಸಮ್ಮತಿಯಿಲ್ಲದೆ ವಕೀಲರು ಬಹಿರಂಗಪಡಿಸಬಾರದು ಎನ್ನುತ್ತಿತ್ತು, ಮತ್ತು ಆ ಹೊಣೆ ವಕಾಲತ್ತು ಮುಗಿದ ಮೇಲೂ ಮುಂದುವರಿಯುತ್ತದೆ ಎಂದು ಅದರ ವಿವರಣೆ ಸ್ಪಷ್ಟಪಡಿಸಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಅಧಿನಿಯಮದಲ್ಲಿ ಅದು 132ನೆಯ ಕಲಮಾಗಿ ಮುಂದುವರಿದಿದೆ. ಹದಿನಾರು ವರ್ಷಗಳಲ್ಲಿ ಅವರು ಕೇಳಿದ ಕಥೆಗಳಲ್ಲಿ ಹತ್ತು ಚಿತ್ರಗಳಿಗಾಗುವಷ್ಟು ಸಾಮಗ್ರಿ ಇತ್ತು. ಅವುಗಳಲ್ಲಿ ಒಂದನ್ನೂ, ಹೆಸರು ಬದಲಿಸಿಯೂ, ಮುಟ್ಟುವುದಿಲ್ಲ ಎಂದು ಅವರು ಆರಂಭದಲ್ಲೇ ನಿಶ್ಚಯಿಸಿದರು. ಸಣ್ಣ ಊರಿನಲ್ಲಿ ಹೆಸರು ಬದಲಿಸಿದರೆ ಸಾಲದು; ಬಾವಿ ಯಾವ ದಿಕ್ಕಿಗಿದೆ ಎಂದರೆ ಮನೆ ಯಾವುದೆಂದು ತಿಳಿಯುತ್ತದೆ.

ಹಾಗಾದರೆ ಆ ತಾಯಿಯ ವಿಷಯ? ಅವರೂ ಕಕ್ಷಿದಾರರೇ. ಕಕ್ಷಿದಾರರು ಸ್ವತಃ ಒಪ್ಪಿದರೆ ಕಾನೂನಿನ ತಡೆ ಇಲ್ಲ. ಆದರೆ ಒಪ್ಪಿಗೆ ಕೇಳುತ್ತಿರುವವರು ಅವರ ವಕೀಲರು. ಪರಿಹಾರದ ಅರ್ಜಿ ಯಾರ ಕೈಯಲ್ಲಿದೆಯೋ ಅವರು ಕ್ಯಾಮೆರಾ ಹಿಡಿದು ಬಂದು ಕೇಳಿದರೆ ಇಲ್ಲವೆನ್ನುವ ಸ್ವಾತಂತ್ರ್ಯ ಆ ತಾಯಿಗೆ ಎಲ್ಲಿಯದು? ಒಪ್ಪಂದಗಳ ಕಾಯ್ದೆಯ 16ನೆಯ ಕಲಮು ಇದನ್ನು ಅನುಚಿತ ಪ್ರಭಾವ ಎನ್ನುತ್ತದೆ, ನಂಬಿಕೆಯ ಸಂಬಂಧದಲ್ಲಿ ಮೇಲುಗೈ ಇರುವವರ ಬಗ್ಗೆ ಅಲ್ಲಿ ವಿಶೇಷವಾಗಿ ಹೇಳಿದೆ. ವಕೀಲರು ಕಡತವನ್ನು ಇನ್ನೊಬ್ಬ ವಕೀಲರಿಗೆ ಒಪ್ಪಿಸಿ ಹೊಸ ವಕಾಲತ್ತು ಹಾಕಿಸಿದರು. ಏಳು ತಿಂಗಳು ಚಿತ್ರದ ಮಾತನ್ನೇ ಎತ್ತಲಿಲ್ಲ. ಆ ಮೇಲೆ ಕೇಳಿದಾಗಲೂ, ಹೊಸ ವಕೀಲರ ಜೊತೆ ಮಾತಾಡಿ ಉತ್ತರ ಹೇಳಿ ಎಂದು ಬಿಟ್ಟುಬಂದರು. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಬರೆದವನು ನಾನು. ಅದರಲ್ಲಿ ಅವರು ಹಟ ಹಿಡಿದು ಸೇರಿಸಿದ ಷರತ್ತು ಒಂದಿತ್ತು: ಚಿತ್ರ ಪ್ರಮಾಣೀಕರಣಕ್ಕೆ ಹೋಗುವ ಮೊದಲು ಮನೆಯವರಿಗೆ ತೋರಿಸಬೇಕು, ಅವರು ಬೇಡವೆಂದ ಭಾಗವನ್ನು ಕಾರಣ ಕೇಳದೆ ತೆಗೆಯಬೇಕು.

ಮಗಳ ಒಪ್ಪಿಗೆ ಪಡೆಯುವ ಬಗೆ ಯಾವ ಪತ್ರದಲ್ಲಿಯೂ ಹಿಡಿಯಲಿಲ್ಲ. 1999ರ ರಾಷ್ಟ್ರೀಯ ಟ್ರಸ್ಟ್ ಕಾಯ್ದೆಯ ಪ್ರಕಾರ ಅಂಥವರಿಗೆ ಸ್ಥಳೀಯ ಮಟ್ಟದ ಸಮಿತಿಯಿಂದ ಕಾನೂನುಬದ್ಧ ಪಾಲಕರ ನೇಮಕವಾಗುತ್ತದೆ, ತಾಯಿಯೇ ಪಾಲಕಿಯಾಗಿದ್ದರು. ಆದರೆ ಪಾಲನೆಯ ಅಧಿಕಾರದಲ್ಲಿ ಮಗಳ ಮುಖವನ್ನು ಸಾವಿರ ಮಂದಿಗೆ ತೋರಿಸುವ ಅಧಿಕಾರವೂ ಸೇರಿದೆಯೇ? ಈ ಪ್ರಶ್ನೆಗೆ ಹಿಂದೆ ಒಂದು ನ್ಯಾಯಾಲಯ ಉತ್ತರ ಹುಡುಕಬೇಕಾಗಿ ಬಂದಿತ್ತು. ಅಮೆರಿಕದ ಫ್ರೆಡರಿಕ್ ವೈಸ್‌ಮನ್ ಕೂಡ ಕಾನೂನು ಓದಿ, ಕಾನೂನು ಕಲಿಸಿ, ಆಮೇಲೆ ಸಾಕ್ಷ್ಯಚಿತ್ರಕ್ಕೆ ಬಂದವರು. ಮ್ಯಾಸಚೂಸೆಟ್ಸ್ ರಾಜ್ಯದ ಬ್ರಿಜ್‌ವಾಟರ್‌ನಲ್ಲಿ ಮಾನಸಿಕ ಅಸ್ವಸ್ಥರಾದ ಕೈದಿಗಳನ್ನು ಇಡುತ್ತಿದ್ದ ಆಸ್ಪತ್ರೆಯ ಕುರಿತು ಅವರು 1967ರಲ್ಲಿ ಮಾಡಿದ ಚಿತ್ರವನ್ನು, ಒಳಗಿದ್ದವರ ಖಾಸಗಿತನದ ಮತ್ತು ಒಪ್ಪಿಗೆಯ ಕಾರಣದಿಂದ, ಅಲ್ಲಿನ ನ್ಯಾಯಾಲಯ ಸಾರ್ವಜನಿಕ ಪ್ರದರ್ಶನದಿಂದ ತಡೆಯಿತು. ಆ ತಡೆ ತೆರವಾದದ್ದು 1991ರಲ್ಲಿ. ಆ ಪ್ರಕರಣದಲ್ಲಿ ಎರಡೂ ಕಡೆ ಸತ್ಯವಿದೆ ಎಂದು ನಮ್ಮ ವಕೀಲರು ಹೇಳುತ್ತಿದ್ದರು: ಗೋಡೆಯೊಳಗಿನ ಕ್ರೌರ್ಯವನ್ನು ಜನ ನೋಡಬೇಕಾಗಿತ್ತು, ಬೆತ್ತಲೆ ನಿಂತ ಮನುಷ್ಯನನ್ನು ಅವನು ಒಪ್ಪದೆ ತೋರಿಸಬಾರದಾಗಿತ್ತು. ಕೊನೆಗೆ ಅವರು ತಮಗೇ ಒಂದು ಮಿತಿ ಹಾಕಿಕೊಂಡರು. ಮಗಳನ್ನು ಜಗಲಿಯಲ್ಲಿ, ಹಗಲಿನಲ್ಲಿ, ಹೊರಗಿನವರು ಬಂದರೂ ಅವಳು ಇರುವ ಹಾಗೆ ಮಾತ್ರ ತೆಗೆಯುವುದು. ಸ್ನಾನ, ಊಟ, ಔಷಧ, ನಿದ್ದೆ ಯಾವುದೂ ಬೇಡ. ನೆರೆಮನೆಯವರು ಅಂಗಳದಿಂದ ನೋಡುವುದಕ್ಕಿಂತ ಹತ್ತಿರ ಕ್ಯಾಮೆರಾ ಹೋಗಬಾರದು.

ಕೇಳುವುದನ್ನು ಕಲಿತದ್ದು

ಚಿತ್ರೀಕರಣಕ್ಕೆ ಮಂಗಳೂರಿನಿಂದ ಇಬ್ಬರು ಯುವಕರು ಬರುತ್ತಿದ್ದರು, ಒಬ್ಬರು ಕ್ಯಾಮೆರಾಕ್ಕೆ, ಒಬ್ಬರು ಧ್ವನಿಗೆ. 2020ರ ಮಾರ್ಚಿನಲ್ಲಿ ಕೊರೋನಾ ಕಾರಣದಿಂದ ತಲಪಾಡಿಯ ಗಡಿ ಮುಚ್ಚಿತು. ಆಸ್ಪತ್ರೆಗೆ ಹೋಗಬೇಕಾದವರಿಗೇ ದಾರಿಯಿಲ್ಲದಾಗಿದ್ದ ದಿನಗಳವು. ಚಿತ್ರದ ತಂಡ ಬರುವ ಮಾತೇ ಇರಲಿಲ್ಲ. ನಿರ್ಬಂಧಗಳು ಸಡಿಲವಾಗುತ್ತಿದ್ದಂತೆ ವಕೀಲರು ಸ್ವಂತ ಕ್ಯಾಮೆರಾ ಒಂದನ್ನು, ಧ್ವನಿಮುದ್ರಣದ ಸಣ್ಣ ಯಂತ್ರವನ್ನು ಹಿಡಿದು ತಾವೇ ಆ ಮನೆಗೆ ಹೋಗತೊಡಗಿದರು. ಆ ವರ್ಷದ ಮಳೆಗಾಲವೇ ಚಿತ್ರವನ್ನು ಕಟ್ಟಿಕೊಟ್ಟಿತು ಎನ್ನಬಹುದು.

ವಕೀಲಿಯ ಒಂದು ಅಭ್ಯಾಸ ಅವರಿಗೆ ಬಹಳ ಉಪಕಾರ ಮಾಡಿತು. ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯ ಒಪ್ಪಬೇಕಾದರೆ ಸಾಕ್ಷ್ಯ ಕಾಯ್ದೆಯ 65ಬಿ ಕಲಮಿನ ಪ್ರಮಾಣಪತ್ರ ಬೇಕೆಂದು 2014ರಲ್ಲಿಯೂ ಮತ್ತೆ 2020ರಲ್ಲಿಯೂ ಸುಪ್ರೀಂ ಕೋರ್ಟು ಹೇಳಿತ್ತು. ಆ ಎಚ್ಚರಿಕೆಯಿಂದ ಅವರು ಪ್ರತಿ ಮೆಮೊರಿ ಕಾರ್ಡಿಗೂ ಮಹಜರಿನಂಥ ಒಂದು ಟಿಪ್ಪಣಿ ಬರೆಯುತ್ತಿದ್ದರು: ದಿನಾಂಕ, ಸಮಯ, ಯಾರು ಹಾಜರಿದ್ದರು, ಯಂತ್ರ ಯಾವಾಗ ಚಾಲೂ ಆಯಿತು, ಯಾವಾಗ ನಿಂತಿತು, ಪ್ರತಿ ಯಾವ ಡಿಸ್ಕಿಗೆ ಹೋಯಿತು. ನೀಲಿ ರಟ್ಟಿನ ಆ ಪುಸ್ತಕ ನನ್ನ ಕೈಯಲ್ಲಿ ತಿಂಗಳುಗಟ್ಟಲೆ ಇತ್ತು. ಬೇರೆ ಚಿತ್ರಗಳ ಕೆಲಸದಲ್ಲಿ ಯಾರು ಎಲ್ಲಿ ಯಾವಾಗ ಹೇಳಿದ್ದೆಂದು ತಿಳಿಯದೆ ದಿನಗಟ್ಟಲೆ ಹುಡುಕಿದ್ದಿದೆ. ಇಲ್ಲಿ ಅಂಥದ್ದು ಒಮ್ಮೆಯೂ ಆಗಲಿಲ್ಲ.

ಉಪಕಾರ ಮಾಡದ ಅಭ್ಯಾಸವೂ ಇತ್ತು, ಅದು ಪ್ರಶ್ನೆ ಕೇಳುವ ರೀತಿ. ತಮ್ಮದೇ ಸಾಕ್ಷಿಯನ್ನು ಕೇಳುವ ಮುಖ್ಯ ವಿಚಾರಣೆಯಲ್ಲಿ ಉತ್ತರವನ್ನು ಸೂಚಿಸುವ ಪ್ರಶ್ನೆ ಕೇಳಬಾರದು, ಎದುರು ಪಕ್ಷದ ಸಾಕ್ಷಿಯನ್ನು ಕೇಳುವ ಪಾಟಿ ಸವಾಲಿನಲ್ಲಿ ಕೇಳಬಹುದು. ಹದಿನಾರು ವರ್ಷ ಪಾಟಿ ಸವಾಲು ಮಾಡಿದವರ ನಾಲಿಗೆಯಲ್ಲಿ ಉತ್ತರ ಹೊತ್ತ ಪ್ರಶ್ನೆಗಳೇ ಬರುತ್ತವೆ. ಮೊದಲ ದಿನಗಳ ಧ್ವನಿಯನ್ನು ಅಕ್ಷರಕ್ಕಿಳಿಸುವಾಗ ನಾನು ಗಮನಿಸಿದೆ: ಹಾಳೆಯಲ್ಲಿ ವಕೀಲರ ಸಾಲುಗಳು ಉದ್ದ, ತಾಯಿಯ ಸಾಲುಗಳು ಗಿಡ್ಡ. ‘ಹೆಲಿಕಾಪ್ಟರ್ ಬಂದಾಗ ಬಾವಿಗೆ ಮುಚ್ಚಳ ಇರಲಿಲ್ಲ ಅಲ್ಲವೇ?’ ‘ಹೌದು.’ ‘ನಿಮಗೆ ಯಾರೂ ಮುಂಚಿತವಾಗಿ ತಿಳಿಸಲಿಲ್ಲ ಅಲ್ಲವೇ?’ ‘ಇಲ್ಲ.’ ಸಾಕ್ಷ್ಯವಾಗಿ ಅದು ಸಾಕು. ಆದರೆ ಕಿವಿಗೊಟ್ಟರೆ ಅಲ್ಲಿ ತಾಯಿಯೇ ಇಲ್ಲ. ನಾನು ಆ ಹಾಳೆಗಳನ್ನು ಅವರ ಮುಂದಿಟ್ಟು ಏನೂ ಹೇಳದೆ ಸಾಲುಗಳ ಉದ್ದವನ್ನು ತೋರಿಸಿದೆ. ಅವರು ಪೂರ್ತಿ ಓದಿದರು. ಮುಂದಿನ ಭೇಟಿಯಿಂದ ಪ್ರಶ್ನೆಗಳು ಕಡಿಮೆಯಾಗುತ್ತ ಬಂದವು. ಜುಲೈ ತಿಂಗಳ ಒಂದು ಹಾಳೆಯಲ್ಲಿ ಅವರದು ಒಂದೇ ಮಾತಿದೆ, “ಮತ್ತೆ?” ಎಂದು. ಅದಕ್ಕೆ ತಾಯಿಯ ಉತ್ತರ ಹನ್ನೊಂದು ನಿಮಿಷ.

ಮಳೆಯ ಸ್ವರ ಸಿಕ್ಕಿದ್ದು ಆ ತಿಂಗಳಲ್ಲೇ. ಮಧ್ಯಾಹ್ನ ಎರಡರ ಹೊತ್ತು, ಬಿಸಿಲಿದೆ, ಅಂಗಳದಲ್ಲಿ ತಟ್ಟಿಯ ಮೇಲೆ ಹಪ್ಪಳ ಒಣಗುತ್ತಿದೆ. ಮಗಳು ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಾಳೆ. ಧ್ವನಿಯಲ್ಲಿ ಮೊದಲು ಒಂದು ಕೋಳಿ, ದೂರದಲ್ಲಿ ಹುಲ್ಲು ಕತ್ತರಿಸುವ ಯಂತ್ರ. ಅನಂತರ ಕಂಬಳಿಹುಳು ನಡೆದಷ್ಟು ಮೆಲ್ಲಗೆ ಒಂದು ಗುನುಗು ಏಳುತ್ತದೆ, ಮೂಗಿನಲ್ಲಿ, ಏರಿಳಿತವಿಲ್ಲದೆ. ತಾಯಿ ಒಳಗಿನಿಂದ ಬಂದು ಆಕಾಶ ನೋಡದೆಯೇ ತಟ್ಟಿಯನ್ನು ಎತ್ತಿಕೊಂಡು ಹೋಗುತ್ತಾರೆ. ನಾಲ್ಕು ನಿಮಿಷ ಏನೂ ಇಲ್ಲ, ಗುನುಗು ಮಾತ್ರ. ಮತ್ತೆ ಅಡಕೆ ಮರಗಳ ಸೋಗೆಯ ಮೇಲೆ ಮೊದಲ ಹನಿಗಳು ಬೀಳುವುದು ಕೇಳುತ್ತದೆ, ಹಂಚಿನ ಮಾಡಿಗೆ ಬರುವ ಮೊದಲು ತೋಟಕ್ಕೆ ಬಂದ ಮಳೆ. ಈ ಭಾಗವನ್ನು ಅಕ್ಷರಕ್ಕಿಳಿಸುವಾಗ ಏನು ಬರೆಯಬೇಕೆಂದು ನನಗೆ ತಿಳಿಯಲಿಲ್ಲ. ‘ಸ್ವರ’ ಎಂದು ಬರೆದು ಸಮಯ ಹಾಕಿದೆ. ಪ್ರಮಾಣಪತ್ರದಲ್ಲಿ ಜಾಗವಿಲ್ಲದ್ದಕ್ಕೆ ಚಿತ್ರದಲ್ಲಿ ಆರೂವರೆ ನಿಮಿಷದ ಜಾಗ ಸಿಕ್ಕಿತು.

ವಾದಪತ್ರದಂಥ ಮೊದಲ ಜೋಡಣೆ

ಸಂಕಲನದ ಮೊದಲ ರೂಪ 78 ನಿಮಿಷದ್ದು. ಅದನ್ನು ನೋಡಿದಾಗ ನನಗೆ ದಾವಾ ಕಡತ ಓದಿದಂತೆಯೇ ಆಯಿತು. ಮೊದಲು ಸಂಗತಿಗಳು, ಆಮೇಲೆ ದಾವೆಯ ಕಾರಣ ಹುಟ್ಟಿದ ಬಗೆ, ಕೊನೆಗೆ ಪ್ರಾರ್ಥನೆ, ಅಂದರೆ ನ್ಯಾಯಾಲಯದಿಂದ ಕೋರುವುದು. ಉದ್ದಕ್ಕೂ ವಕೀಲರದೇ ಧ್ವನಿ, ಆದೇಶಗಳ ದಿನಾಂಕ, ಪರದೆಯ ಮೇಲೆ ತೀರ್ಪಿನ ಸಾಲುಗಳು. ಎಲ್ಲವೂ ನಿಜ, ಒಂದು ಅಂಕಿಯೂ ತಪ್ಪಿರಲಿಲ್ಲ. ಸಂಕಲನಕಾರ ಯುವಕ ವಿನಯದಿಂದಲೇ ಹೇಳಿದ: “ಮೇಡಂ, ನೀವು ನೋಡುವವರನ್ನು ಜಡ್ಜ್ ಮಾಡಿ ಕೂರಿಸಿದ್ದೀರಿ. ಅವರಿಗೆ ತೀರ್ಪು ಕೊಡುವುದು ಬಿಟ್ಟು ಬೇರೆ ಕೆಲಸವೇ ಇಲ್ಲ.” ಅವರಿಗೆ ಅದು ನೋವಾಯಿತು, ಒಂದು ತಿಂಗಳು ಸಂಕಲನದ ಕೋಣೆಗೆ ಹೋಗಲಿಲ್ಲ. ಹೀಗೆ ಬಿಟ್ಟುಕೊಡುವುದು ಸುಲಭವಲ್ಲ ಎಂದು ನಾನು ಬಲ್ಲೆ. ವಾದವೇ ಅವರ ವೃತ್ತಿಯ ಗೌರವವಾಗಿತ್ತು, ಇದೇ ಊರಿನ ಎಷ್ಟೋ ಹೆಂಗಸರಿಗೆ ಅದರಿಂದಲೇ ಜೀವನಾಂಶ ಬಂದಿತ್ತು.

ಎರಡನೆಯ ರೂಪ 52 ನಿಮಿಷ. ಅದರಲ್ಲಿ ವಕೀಲರ ಧ್ವನಿ ಎರಡೇ ಕಡೆ ಬರುತ್ತದೆ. ಅಂಕಿಗಳಲ್ಲಿ ಉಳಿದದ್ದು, 2022ರ ಮೇ 13ರಂದು ನ್ಯಾಯಾಂಗ ನಿಂದನೆಯ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ಗಮನಿಸಿದ ಲೆಕ್ಕ: ಐದು ವರ್ಷ ಕಳೆದರೂ 3,704 ಬಾಧಿತರಲ್ಲಿ ಪರಿಹಾರ ಸಂದದ್ದು 8 ಮಂದಿಗೆ, ಅರ್ಜಿ ಹಾಕಿದ ಆ 8 ಮಂದಿಗೆ ಮಾತ್ರ. ಈ ಎರಡು ಅಂಕಿಗಳನ್ನು ಬಿಡಲು ಅವರು ಒಪ್ಪಲಿಲ್ಲ, ಬಿಡಬಾರದೆಂದು ನಾನೂ ಹೇಳಿದೆ.

ಆ ಆದೇಶದ ನಂತರ ಈ ಮನೆಗೂ ಹಣ ಬಂತು. ಅದು ನ್ಯಾಯಾಲಯದಿಂದ ಬಂದದ್ದು, ಚಿತ್ರದಿಂದಲ್ಲ. ಸಾಕ್ಷ್ಯಚಿತ್ರಗಳ ಬಗ್ಗೆ ಮಾತಾಡುವವರು ಅವುಗಳಿಂದ ಆದೇಶಗಳೇ ಬಂದವೆಂಬಂತೆ ಮಾತಾಡುವುದನ್ನು ಕೇಳಿದ್ದೇನೆ. ಈ ಪ್ರಕರಣದಲ್ಲಿ ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಇನ್ನೊಂದನ್ನೂ ದಾಖಲಿಸಬೇಕು. ವಕೀಲರು ವೃತ್ತಿ ಬಿಟ್ಟಾಗ ಅವರ ಕೈಯಲ್ಲಿ ನಲವತ್ತಕ್ಕೂ ಹೆಚ್ಚು ಕಡತಗಳಿದ್ದವು. ಎಲ್ಲವನ್ನೂ ಕ್ರಮವಾಗಿ ಬೇರೆಯವರಿಗೆ ಒಪ್ಪಿಸಿದರು. ಆದರೆ ತುಳು, ಕನ್ನಡ, ಮಲಯಾಳ ಮೂರನ್ನೂ ಬಲ್ಲ, ಸಾಕ್ಷಿಯ ಮಾತನ್ನು ಅದೇ ಅರ್ಥದಲ್ಲಿ ದಾಖಲಿಸುವಂತೆ ಎದ್ದು ನಿಂತು ಕೇಳುವ ವಕೀಲರು ಇಲ್ಲಿ ಹೆಚ್ಚಿಲ್ಲ. ಜೀವನಾಂಶದ ದಾವೆಯೊಂದರಲ್ಲಿ ಹೆಂಗಸೊಬ್ಬರು, ಹೊಸ ವಕೀಲರು ತಮ್ಮ ಮಾತನ್ನು ಪೂರ್ತಿ ಕೇಳುವುದಿಲ್ಲವೆಂದು, ಹಳೆಯ ಕಚೇರಿಯ ಮುಚ್ಚಿದ ಬಾಗಿಲಿಗೆ ಎರಡು ಸಲ ಬಂದು ಹೋದರೆಂದು ಪಕ್ಕದ ಜೆರಾಕ್ಸ್ ಅಂಗಡಿಯವರು ಹೇಳಿದರು. ಈ ಬದಲಾವಣೆಯ ಬೆಲೆಯನ್ನು ಕೊಟ್ಟವರಲ್ಲಿ ಆ ಹೆಂಗಸೂ ಒಬ್ಬರು. ವಕೀಲರಿಗೆ ಇದನ್ನು ತಿಳಿಸಿದಾಗ ಅವರು ಆಕೆಯ ಹೊಸ ವಕೀಲರಿಗೆ ಫೋನು ಮಾಡಿ ಬಹಳ ಹೊತ್ತು ಮಾತಾಡಿದರು. ಅದಕ್ಕಿಂತ ಹೆಚ್ಚಿಗೆ ಮಾಡುವ ಅಧಿಕಾರ ಆಗ ಅವರಿಗಿರಲಿಲ್ಲ.

ಹಣದ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ಉಳಿತಾಯ, ಗಂಡನ ಅಡಕೆ ತೋಟದ ಆದಾಯ, ಕೆಲವು ಗೆಳೆಯರ ನೆರವು. ಸಂಸ್ಥೆಯೊಂದು ಪೂರ್ತಿ ಖರ್ಚು ಕೊಡಲು ಮುಂದೆ ಬಂದಿತ್ತು, ಮಗಳ ದೃಶ್ಯಗಳು ಇನ್ನಷ್ಟು ಬೇಕು ಎಂಬ ಸೂಚನೆಯೊಂದಿಗೆ. ಅವರು ಆ ಪತ್ರಕ್ಕೆ ಅದೇ ದಿನ ಬೇಡವೆಂದು ಉತ್ತರ ಬರೆದರು.

ಮನೆಯವರ ಮುಂದೆ

ಸಾರ್ವಜನಿಕ ಪ್ರದರ್ಶನವಾಗಬೇಕಾದರೆ ಸಾಕ್ಷ್ಯಚಿತ್ರಕ್ಕೂ 1952ರ ಸಿನಿಮಾಟೋಗ್ರಾಫ್ ಕಾಯ್ದೆಯಂತೆ ಪ್ರಮಾಣಪತ್ರ ಬೇಕು. ಕೆ. ಎ. ಅಬ್ಬಾಸ್ ತಮ್ಮ ಕಿರುಸಾಕ್ಷ್ಯಚಿತ್ರದ ಸಂಬಂಧ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1970ರಲ್ಲೇ ಪೂರ್ವ ಪರಿಶೀಲನೆಯನ್ನು ಎತ್ತಿಹಿಡಿದಿದೆ. ಪ್ರಮಾಣಪತ್ರ ಸಿಕ್ಕಿದ ಮೇಲೆ ಚಿತ್ರವನ್ನು ಬದಲಿಸಿದರೆ ಮತ್ತೆ ಸೆನ್ಸಾರ್ ಮಂಡಳಿಗೆ ತಿಳಿಸಬೇಕಾಗುತ್ತದೆ. ಆದ್ದರಿಂದ ಒಪ್ಪಿಗೆ ಪತ್ರದ ಷರತ್ತಿನಂತೆ, ಅರ್ಜಿ ಹಾಕುವ ಮೊದಲು, ಒಂದು ಭಾನುವಾರ ನಾವು ಆ ಮನೆಗೆ ಹೋದೆವು. ಚಾವಡಿಯ ಗೋಡೆಗೆ ಬಿಳಿ ಪಂಚೆ ಕಟ್ಟಿ ಪ್ರೊಜೆಕ್ಟರಿನಿಂದ ತೋರಿಸಿದೆವು. ತಾಯಿ, ತಂದೆ, ತಾಯಿಯ ತಮ್ಮ, ನೆರೆಯ ಇಬ್ಬರು, ಮಗಳು. ಪಂಚೆಯ ಮೇಲೆ ತನ್ನದೇ ಗುನುಗು ಕೇಳಿದಾಗ ಮಗಳು ತಲೆ ಆ ಕಡೆ ತಿರುಗಿಸಿದಳು. ತಾಯಿ ಅವಳ ಕೈ ಹಿಡಿದುಕೊಂಡರು.

ಮುಗಿದ ಮೇಲೆ ಕಾಫಿ ಬಂತು. ಎಲ್ಲರೂ ಹೋದ ನಂತರ ತಾಯಿ ವಕೀಲರನ್ನು ಅಡುಗೆಮನೆಗೆ ಕರೆದರು, ನನ್ನನ್ನೂ ಕರೆದರು, ನಾನು ಬರೆದುಕೊಂಡವನೆಂದು. ಕೊನೆಯ ಭಾಗದಲ್ಲಿ ಅವರು ಒಂದು ಸಂಜೆ ಹೇಳಿದ ಮಾತಿತ್ತು, ನಲವತ್ತು ಸೆಕೆಂಡಿನದು. ಚಿತ್ರವನ್ನು ನೋಡಿದ್ದ ನಾಲ್ಕೈದು ಮಂದಿಯೂ ಅದೇ ಚಿತ್ರದ ಜೀವ ಎಂದಿದ್ದರು, ಸಂಕಲನಕಾರ ಇಡೀ ಕೊನೆಯನ್ನು ಅದರ ಮೇಲೆ ಕಟ್ಟಿದ್ದ. ತಾಯಿ ಹೇಳಿದರು: “ಅದೊಂದು ಬೇಡ ಅಕ್ಕ. ಅವತ್ತು ಹೇಳಿದ್ದು ಹೌದು. ಅವಳು ಪಕ್ಕದಲ್ಲೇ ಕೂತಿದ್ದಳು ಅಂತ ಇವತ್ತು ನೋಡಿದಾಗ ಗೊತ್ತಾಯ್ತು.”

ವಕೀಲರು ಕಾರಣದ ಬಗ್ಗೆ ಇನ್ನೊಂದು ಮಾತು ಕೇಳಲಿಲ್ಲ. ನೀಲಿ ಪುಸ್ತಕದಲ್ಲಿ ಕಾರ್ಡಿನ ಸಂಖ್ಯೆ ಹುಡುಕಿ, ಆ ಸಾಲಿನ ಎದುರು ದಿನಾಂಕ ಬರೆದು, ತಾಯಿಗೆ ಓದಿ ಹೇಳಿ ಅವರ ಸಹಿ ಪಡೆದರು. ಆ ವಾರವೇ ಮೂಲ ಪ್ರತಿಯಿಂದಲೂ ಎರಡು ನಕಲುಗಳಿಂದಲೂ ಆ ಭಾಗವನ್ನು ಅಳಿಸಲಾಯಿತು. ಕೊನೆಯನ್ನು ಮತ್ತೆ ಕಟ್ಟಲು ಸಂಕಲನಕಾರನಿಗೆ ಆರು ವಾರ ಹಿಡಿಯಿತು, ಮತ್ತು ಈಗಿರುವ ಕೊನೆ ಮೊದಲಿನಷ್ಟು ಬಲವಾಗಿಲ್ಲ ಎಂಬುದು ನನ್ನ ಪ್ರಾಮಾಣಿಕ ಅಭಿಪ್ರಾಯ. ಚಿತ್ರ ಈಗ 51 ನಿಮಿಷಗಳದು. ನನ್ನಲ್ಲಿದ್ದ ಲಿಪಿಯ ಪ್ರತಿಯಿಂದಲೂ ಆ ಮಾತನ್ನು ತೆಗೆದಿದ್ದೇನೆ. ಆ ಪುಟದಲ್ಲಿ ಎರಡು ಸಮಯದ ಅಂಕಿಗಳಿವೆ, ನಡುವೆ ನಾಲ್ಕು ಸಾಲಿನಷ್ಟು ಖಾಲಿ ಜಾಗವಿದೆ.